ಇಟ್ಟಿಗೆಯ ಒಳಗಿನ ಹೆಜ್ಜೆ

“ನಮ್ಮ ಸಾಹೇಬ್ರು ಇವತ್ತೂ ಬರ್ಲಿಲ್ವಾ?” ಎಂದು ರಸ್ತೆಯ ಮೂಲೆಯಲ್ಲಿ ಬುಟ್ಟಿ ಮಾರುವ ಮಿಸ್ ಅರ್ನಸ್ಟೀನ್ ಕೇಳಿದರು. ಕೇಳುವಾಗಲೂ ಅವರ ಕೈ ನಿಲ್ಲಲಿಲ್ಲ. ತೊಡೆಯ ಮೇಲೆ ಅರ್ಧ ಹೆಣೆದ ಬುಟ್ಟಿಯಿತ್ತು. ಅದರ ಅಂಚಿಗೆ ಒಣಹುಲ್ಲು ಸುತ್ತುತ್ತಲೇ ಇದ್ದರು.

ವಿನ್ನಿ ತನ್ನ ಶೂ ನೋಡಿಕೊಂಡಳು. “ಕಾಲು ನೋವು ಮಿಸ್. ಮನೇಲಿ ಮಲಗಿದಾನೆ.”

ಸೋಮವಾರವೂ ಅವಳು ಹೀಗೇ ಹೇಳಿದ್ದಳು. ಆಮೇಲೆ ಮಂಗಳವಾರ, ಬುಧವಾರ, ಗುರುವಾರ. ಇವತ್ತು ಶುಕ್ರವಾರ.

ಸಾಹೇಬ್ರು ಅಂದರೆ ಓಕ್ರಾ, ವಿನ್ನಿಯ ನಾಯಿ. ಓಕ್ರಾ ಅಂದರೆ ಬೆಂಡೆಕಾಯಿ. ಮರಿಯಾಗಿದ್ದಾಗ ಹಿತ್ತಲಿನ ಬೆಂಡೆಕಾಯಿಯನ್ನೆಲ್ಲ ಕಿತ್ತು ತಿಂದಿದ್ದಕ್ಕೆ ತಾತ ಇಟ್ಟ ಹೆಸರು ಅದು. ಅವನಿಗೆ ಹದಿಮೂರು ವರ್ಷ, ವಿನ್ನಿಗೆ ಹತ್ತು. ಓಕ್ರಾ ಇಲ್ಲದ ಒಂದು ದಿನವನ್ನೂ ವಿನ್ನಿ ನೋಡಿರಲಿಲ್ಲ, ಹೋದ ಭಾನುವಾರದ ತನಕ.

ಭಾನುವಾರ ಬೆಳಿಗ್ಗೆ ಅವನು ಏಳಲೇ ಇಲ್ಲ. ಊರಾಚೆಯ ದ್ವೀಪದಲ್ಲಿರುವ ದೊಡ್ಡತ್ತೆಯ ಹಿತ್ತಲಲ್ಲಿ, ಓಕ್ ಮರದ ಕೆಳಗೆ ಅವನನ್ನು ಮಣ್ಣು ಮಾಡಿದರು. ಸತ್ತವರು ಕೊನೆಗೆ ಬಳಸಿದ ಪಾತ್ರೆಯನ್ನು ಗೋರಿಯ ಮೇಲೆ ಇಡುವುದು ಅವರ ಜನರಲ್ಲಿ ವಾಡಿಕೆ. ತಾತ ಓಕ್ರಾನ ನೀರಿನ ಬಟ್ಟಲನ್ನು ತಂದು ಇಟ್ಟ. ನಾಯಿಗೂ ಇಡ್ತಾರಾ ಅಂತ ಯಾರೂ ಕೇಳಲಿಲ್ಲ.

ಇದನ್ನೆಲ್ಲ ಮಿಸ್ ಅರ್ನಸ್ಟೀನ್‌ಗೆ ಹೇಳಬೇಕು. ಹೇಳಲು ಬಾಯಿ ತೆರೆದಾಗಲೆಲ್ಲ ‘ಕಾಲು ನೋವು’ ಎಂಬ ಮಾತೇ ಹೊರಗೆ ಬರುತ್ತಿತ್ತು. ಈ ಮೂಲೆಯಲ್ಲಿ ಓಕ್ರಾ ಇನ್ನೂ ಬದುಕಿದ್ದ. ಊರಿಗೆಲ್ಲ ಇದೊಂದೇ ಜಾಗದಲ್ಲಿ.

ಮಿಸ್ ಅರ್ನಸ್ಟೀನ್ ಕಾಲ ಬಳಿಯ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದರು. ಅಂಗಡಿಯದಲ್ಲ, ಬೆಳಿಗ್ಗೆ ಮನೆಯಲ್ಲಿ ಬೇಯಿಸಿದ, ಬನ್ನಿನ ಹಾಗೆ ಮೆತ್ತಗಿರುವ ಬಿಸ್ಕತ್ತು. ಅದನ್ನು ಓಕ್ರಾನಿಗೆಂದು ಕಾಗದದಲ್ಲಿ ಸುತ್ತಿ ವಿನ್ನಿಯ ಕೈಗಿಟ್ಟು, “ನಾಳೆ ಎತ್ಕೊಂಡಾದ್ರೂ ಕರ್ಕೊಂಡ್ ಬಾ ಕಣೇ. ನಮ್ಮಜ್ಜಿ ಮಾಡ್ತಿದ್ದ ಮುಲಾಮು ತರ್ತೀನಿ. ಅದು ಹಚ್ಚಿದ್ರೆ ಕುಂಟ್ರೂ ಡ್ಯಾನ್ಸ್ ಮಾಡ್ತಾರೆ,” ಎಂದರು.

ವಿನ್ನಿ ತಾತನ ಕಡೆ ನೋಡಿದಳು. ಮಗ್ಗುಲಲ್ಲೇ ನಿಂತಿದ್ದ ತಾತ ಚರ್ಚಿನ ಗಡಿಯಾರ ನೋಡುತ್ತಿದ್ದ, ಬಸ್ಸು ತಪ್ಪುತ್ತದೆ ಎನ್ನುವವನ ಹಾಗೆ. ಐದು ದಿನವೂ ಅವನು ಹೀಗೇ ಗಡಿಯಾರ ನೋಡಿದ್ದ. ಮೊಮ್ಮಗಳ ಸುಳ್ಳನ್ನು ತಿದ್ದಿರಲಿಲ್ಲ.

ಮನೆಗೆ ಬಂದು ವಿನ್ನಿ ಹಿಂದಿನ ಮೆಟ್ಟಿಲ ಕೆಳಗೆ ಕೈ ಹಾಕಿ ಶೂ ಡಬ್ಬಿ ಎಳೆದಳು. ಅದರಲ್ಲಿ ನಾಲ್ಕು ಬಿಸ್ಕತ್ತುಗಳಿದ್ದವು. ಬಿಸಾಡಲು ಮನಸ್ಸು ಬಂದಿರಲಿಲ್ಲ, ತಿನ್ನಲೂ ಬಂದಿರಲಿಲ್ಲ. ಐದನೆಯದನ್ನು ಇಟ್ಟಳು. ಇರುವೆಗಳು ಆಗಲೇ ಸಾಲು ಹಿಡಿದಿದ್ದವು. ಸಂಜೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಅಮ್ಮ, ಈ ಮನೆಗೆ ಇದ್ದಕ್ಕಿದ್ದ ಹಾಗೆ ಇಷ್ಟು ಇರುವೆ ಎಲ್ಲಿಂದ ಬಂತು ಎಂದು ಗೊಣಗಿದಳು. ವಿನ್ನಿ ಹೋಮ್‌ವರ್ಕ್ ಪುಸ್ತಕದಿಂದ ತಲೆಯೆತ್ತಲಿಲ್ಲ.

ಶನಿವಾರ ಶಾಲೆಯಿಲ್ಲ. ಅಮ್ಮನಿಗೆ ಕೆಲಸವಿತ್ತು, ಹಾಗಾಗಿ ವಿನ್ನಿ ತಾತನ ಜೊತೆ ಹೊರಟಳು. ತಾತ ಗಾರೆ ಕೆಲಸದವನು. ಚಾರ್ಲ್ಸ್‌ಟನ್ನಿನ ಹಳೇ ಗೋಡೆಗಳು ಬಾಗಿದರೆ, ಬಿರುಕು ಬಿಟ್ಟರೆ ಜನ ಅವನನ್ನು ಹುಡುಕಿಕೊಂಡು ಬರುತ್ತಾರೆ. ಈಗ ಒಂದು ತೋಟದ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಅಷ್ಟು ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು.

“ತಾತಾ, ಇವತ್ತು ಆ ಕಡೆ ರೋಡಲ್ಲಿ ಹೋಗೋಣ,” ಎಂದಳು ವಿನ್ನಿ.

ಆ ಕಡೆ ಹೋದರೆ ಬುಟ್ಟಿ ಮಾರುವ ಮೂಲೆ ಸಿಗುವುದಿಲ್ಲ. ತಾತ ಉಪಕರಣದ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ತಿರುಗಿದ.

ಆ ರಸ್ತೆಯಲ್ಲಿ ಕುದುರೆಗಾಡಿಗಳು ನಿಲ್ಲುತ್ತವೆ. ಕುದುರೆಗಳಿಗೆ ಎರಡೇ ಎರಡು ಸಲ ಬೊಗಳಿ, ಬಾಲ ಎತ್ತಿಕೊಂಡು ಮುಂದೆ ನಡೆಯುವುದು ಓಕ್ರಾನ ಪದ್ಧತಿ. ಇವತ್ತು ಕುದುರೆಗಳು ಸುಮ್ಮನೆ ನಿಂತಿದ್ದವು. ಒಂದು ಕುದುರೆ ವಿನ್ನಿಯ ಕಾಲ ಬಳಿ ನೋಡಿದಂತಾಯಿತು.

ಗೋಡೆಯ ಹತ್ತಿರ ತಾತನಿಗೆ ಒಂದು ನಿಯಮವಿತ್ತು. ಬಿಚ್ಚಿದ ಪ್ರತಿ ಇಟ್ಟಿಗೆಗೂ ಸೀಮೆಸುಣ್ಣದಲ್ಲಿ ನಂಬರ್ ಬರೆಯಬೇಕು. ಕಟ್ಟುವಾಗ ಅದೇ ಜಾಗಕ್ಕೆ, ಅದೇ ಮುಖ ಹೊರಗೆ ಬರುವಂತೆ ಇಡಬೇಕು. “ಇನ್ನೂರು ವರ್ಷ ಅಕ್ಕಪಕ್ಕ ಕೂತಿರೋರನ್ನ ನಾವ್ಯಾಕೆ ಬೇರೆ ಮಾಡೋಣ?” ಎನ್ನುತ್ತಿದ್ದ. ನಂಬರ್ ಬರೆದು, ಹಳೇ ಸುಣ್ಣದ ಗಾರೆ ಕೆರೆದು, ಬ್ರಶ್ ಹಾಕುವುದು ವಿನ್ನಿಯ ಕೆಲಸ.

ಈ ಗೋಡೆಯಲ್ಲಿ ಅವಳ ಗೆಳೆಯನೊಬ್ಬನಿದ್ದ. ಗೇಟಿನಿಂದ ಏಳನೆಯ ಇಟ್ಟಿಗೆ. ಅದರ ಹೊರಮುಖದಲ್ಲಿ ಮೂರು ಸಣ್ಣ ಗುಳಿಗಳು. ದಾರಿಯಲ್ಲಿ ಹೋಗುವಾಗಲೆಲ್ಲ ವಿನ್ನಿ ಅವುಗಳಲ್ಲಿ ಮೂರು ಬೆರಳಿಡುತ್ತಿದ್ದಳು. ಅಷ್ಟು ಹೊತ್ತು ಓಕ್ರಾ ಕೆಳಗೆ ಕೂತು ಕಾಯುತ್ತಿದ್ದ.

ಅವು ಒಂದು ಮಗುವಿನ ಬೆರಳುಗಳು ಎಂದು ತಾತ ಹೇಳಿದ್ದ. ಆಗ ತಮ್ಮ ಕಪ್ಪು ಜನ ಗುಲಾಮರಾಗಿದ್ದ ಕಾಲ. ದೊಡ್ಡವರು ಮಣ್ಣು ತುಳಿದು ಅಚ್ಚು ಹಾಕಿದರೆ, ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ತಿರುಗಿಸಿ ಇಡುವುದು ಮಕ್ಕಳ ಕೆಲಸ. ಎತ್ತಿದ ಕಡೆ ಬೆರಳ ಗುರುತು ಬೀಳುತ್ತಿತ್ತು. ಆ ಮಕ್ಕಳ ಹೆಸರನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ.

ಇವತ್ತು ಆ ಏಳನೆಯ ಇಟ್ಟಿಗೆಯನ್ನು ಬಿಚ್ಚುವ ಸರದಿ ಬಂತು. ತಾತ ಅದನ್ನು ಮೆಲ್ಲಗೆ ಅಲುಗಾಡಿಸಿ ಎತ್ತಿ, ಎರಡೂ ಕೈಯಲ್ಲಿ ವಿನ್ನಿಗೆ ಕೊಟ್ಟ. ವಿನ್ನಿ ಗೋಡೆಯೊಳಗೆ ಮುಚ್ಚಿಹೋಗಿದ್ದ ಅದರ ಮೇಲ್ಮುಖದ ಗಾರೆ ಕೆರೆದಳು. ಮುಕ್ಕಾಲು ಉದುರಿತು. ಒಂದು ಮೂಲೆಯಲ್ಲಿ ಮಾತ್ರ ಗಟ್ಟಿಯಾಗಿ ಕೂತಿತ್ತು. ಉಳಿಯ ತುದಿಯಿಂದ ಮೀಟಿದಳು. ಬಿಲ್ಲೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು.

ಕೆಳಗೆ ಒಂದು ಹೆಜ್ಜೆ ಇತ್ತು.

ನಡುವೆ ದಪ್ಪ ಮೆತ್ತೆಯ ಗುರುತು, ಮುಂದೆ ನಾಲ್ಕು ಬೆರಳು, ಪ್ರತಿ ಬೆರಳ ತುದಿಗೂ ಉಗುರು ಚುಚ್ಚಿದ ಚುಕ್ಕೆ. ವಿನ್ನಿ ಬ್ರಶ್ ಕೆಳಗಿಟ್ಟಳು. ಬಾಯಿಂದ ಊದಿದಳು. ಒಂದು ಬೆರಳ ಸಂದಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಗೆರೆಗಳೂ ಕಂಡವು.

“ತಾತಾ,” ಎಂದಳು. 

ತಾತ ಬಂದು ಬಗ್ಗಿ ನೋಡಿದ. ತಲೆಯ ಮೇಲಿನ ಕ್ಯಾಪ್ ತೆಗೆದ. ಚರ್ಚಿನಲ್ಲಿ ಬಿಟ್ಟರೆ ಅವನು ಕ್ಯಾಪ್ ತೆಗೆಯುವುದನ್ನು ವಿನ್ನಿ ನೋಡಿರಲಿಲ್ಲ.

 ಇಷ್ಟು ವರ್ಷ ಅವಳು ಬೆರಳಿಟ್ಟ ಇಟ್ಟಿಗೆ ಇದೇ. ಅವಳ ಬೆರಳಿನಿಂದ ಒಂದೆರಡೇ ಅಂಗುಲ ಒಳಗೆ, ಕತ್ತಲಲ್ಲಿ, ಒಂದು ನಾಯಿ ಹೆಜ್ಜೆಯಿಟ್ಟು ನಿಂತಿತ್ತು. ಕೆಳಗೆ ಓಕ್ರಾ ಕೂತಿರುತ್ತಿದ್ದ.

“ಯಾರ ನಾಯಿ ತಾತಾ?”

“ಯಾರಿಗ್ಗೊತ್ತು? ಇಟ್ಟಿಗೆ ಒಣಗೋ ಕಡೆ ಓಡಿ ಬಂದಿದೆ. ಮಗು ಹಿಂದೇನೇ ಬಂತೇನೋ.” ತಾತ ಹೆಜ್ಜೆಯ ಅಂಚಿನಲ್ಲಿ ಹೆಬ್ಬೆರಳು ಆಡಿಸಿದ. “ಆ ಮಗು ಇದನ್ನ ನೋಡಿರುತ್ತೆ ಪುಟ್ಟಿ. ಹಸಿ ಮಣ್ಣು. ಒದ್ದೆ ಕೈಯಲ್ಲಿ ಒಂದ್ಸಲ ಸವರಿದ್ರೆ ಹೋಗ್ತಿತ್ತು. ಇಟ್ಟಿಗೆ ಕೆಡಿಸಿದೆ ಅಂತ ಏಟು ಬೀಳ್ತಾ ಇದ್ದ ಕಾಲ. ಆದ್ರೂ ಸವರಿಲ್ಲ.”

ವಿನ್ನಿ ಮೂರು ಬೆರಳನ್ನು ಆ ಮೂರು ಗುಳಿಗಳಲ್ಲಿ ಇಟ್ಟು, ಇನ್ನೊಂದು ಕೈಯ ಅಂಗೈಯನ್ನು ಹೆಜ್ಜೆಯ ಮೇಲೆ ಇಟ್ಟಳು. ಬಿಸಿಲಿಗೆ ಇಟ್ಟಿಗೆ ಬೆಚ್ಚಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಏಳನೆಯ ಇಟ್ಟಿಗೆಯನ್ನು ಕೂರಿಸಬೇಕಾಯಿತು. ಹೆಜ್ಜೆ ಹೊರಗೆ ಕಾಣುವ ಹಾಗೆ ನಿಲ್ಲಿಸೋಣ ಎಂದು ವಿನ್ನಿ ಕೇಳಿಕೊಂಡಳು. ಹಾಗೆ ನಿಲ್ಲಿಸಿದರೆ ಗೋಡೆ ಕೂರುವುದಿಲ್ಲ, ಬೆರಳಿನ ಗುರುತೂ ಒಳಗೆ ಹೋಗುತ್ತದೆ ಎಂದ ತಾತ.

“ಮತ್ತೆ ಇದು ಯಾರಿಗೂ ಕಾಣಲ್ವಲ್ಲ.”

“ಕಾಣಲ್ಲ.”

“ಇದೆ ಅಂತ ಯಾರಿಗೂ ಗೊತ್ತಾಗಲ್ಲ.”

ತಾತ ಕರಣೆಯಿಂದ ಗಾರೆ ಕಲಸುತ್ತಾ, “ನಾವು ಹೇಳಿದ್ರೆ ಗೊತ್ತಾಗುತ್ತೆ,” ಎಂದ.

ವಿನ್ನಿ ಸ್ವಲ್ಪ ಹೊತ್ತು ಇಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಕರಣೆ ಕೊಡು ಎಂದು ಕೈ ಚಾಚಿದಳು. ಇಟ್ಟಿಗೆಯನ್ನು ಅದರ ಜಾಗದಲ್ಲಿ ಇಟ್ಟು, ಬೆಣ್ಣೆಯಂಥ ಬಿಳಿ ಗಾರೆಯನ್ನು ತಾನೇ ಹೆಜ್ಜೆಯ ಮೇಲೆ ಹರಡಿದಳು. ಮೊದಲು ಮೆತ್ತೆ, ಆಮೇಲೆ ಒಂದೊಂದೇ ಬೆರಳು. ಕೊನೆಯ ಬೆರಳು ಮುಚ್ಚುವಾಗ ಕಣ್ಣು ಒರೆಸಿಕೊಂಡಳು. ಕೆನ್ನೆಗೆ ಸುಣ್ಣ ಅಂಟಿತು.

ಸಂಜೆ ತಾತ ಚೀಲ ಹೆಗಲಿಗೇರಿಸಿ, ಬಂದ ದಾರಿಯ ಕಡೆಗೇ ಹೆಜ್ಜೆ ಹಾಕಿದ.

“ಅಲ್ಲಲ್ಲ. ಈ ಕಡೆ,” ಎಂದಳು ವಿನ್ನಿ.

ಮಿಸ್ ಅರ್ನಸ್ಟೀನ್ ದೂರದಿಂದಲೇ ನೋಡಿದರು. ಅವರ ಪಕ್ಕದಲ್ಲಿ ಮುಲಾಮಿನ ಸಣ್ಣ ಡಬ್ಬಿ ಸಿದ್ಧವಾಗಿತ್ತು. “ಏನೇ, ಬರಿಗೈಲಿ ಬಂದ್ಯಾ?”

ವಿನ್ನಿ ನೆಟ್ಟಗೆ ಅವರ ಮುಂದೆ ಹೋಗಿ ನಿಂತಳು. ತಾತ ಇವತ್ತು ಗಡಿಯಾರ ನೋಡಲಿಲ್ಲ.

“ಓಕ್ರಾ ಸತ್ತುಹೋದ ಮಿಸ್. ಹೋದ ಭಾನುವಾರ. ಕಾಲು ನೋವು ಅಂದಿದ್ದು ಸುಳ್ಳು.”

ಮಿಸ್ ಅರ್ನಸ್ಟೀನ್ ಅವರ ಕೈ ನಿಂತಿತು. ಹೆಣೆಯುತ್ತಿದ್ದ ಹುಲ್ಲು ಬೆರಳ ಸಂದಿಯಿಂದ ಜಾರಿ, ಬಿಗಿಯಾಗಿದ್ದ ಸುತ್ತು ಸಡಿಲವಾಗಿ ಬಿಚ್ಚಿಕೊಂಡಿತು. ಅವರು ಅದನ್ನು ನೋಡಲಿಲ್ಲ.

“ಬಟ್ಟಲು ಇಟ್ರಾ?” ಎಂದು ಕೊನೆಗೆ ಕೇಳಿದರು.

“ಇಟ್ವಿ.”

“ಒಳ್ಳೇದು ಮಾಡಿದ್ರಿ.” ಆಮೇಲೆ ಬಿಸ್ಕತ್ತಿನ ಡಬ್ಬಿಯ ಕಡೆ ನೋಡಿ, “ಮತ್ತೆ ನನ್ನ ಬಿಸ್ಕತ್ತೆಲ್ಲ ಯಾರು ತಿಂದ್ರು?”

“ಇರುವೆ,” ಎಂದಳು ವಿನ್ನಿ.

ಮಿಸ್ ಅರ್ನಸ್ಟೀನ್ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಸೆರಗಿನಂತೆ ಇಳಿಬಿದ್ದಿದ್ದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡರು. ಆಮೇಲೆ ಪಕ್ಕದ ಸ್ಟೂಲನ್ನು ಕಾಲಿಂದ ತಳ್ಳಿ, ಕೂತ್ಕೋ ಎಂದರು. ವಿನ್ನಿ ಕೂತಳು. ಏಳನೆಯ ಇಟ್ಟಿಗೆಯ ಕತೆಯನ್ನು ಮೊದಲಿಂದ ಹೇಳಿದಳು. ಉಗುರಿನ ಚುಕ್ಕೆಗಳನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವಳ ಮಾತಿನಲ್ಲಿ ಓಕ್ರಾ ಬಂದ, ಬೆಂಡೆಕಾಯಿ ಕದ್ದ, ಕುದುರೆಗಳಿಗೆ ಎರಡೇ ಎರಡು ಸಲ ಬೊಗಳಿದ. ಮಿಸ್ ಅರ್ನಸ್ಟೀನ್ ನಡುನಡುವೆ ಅವನು ತಮ್ಮ ಎರಡು ಬುಟ್ಟಿ ಹರಿದು ಹಾಕಿದ ಕತೆ ಸೇರಿಸಿದರು.

ಹೊರಡುವಾಗ ಅವರು ಎಂದಿನಂತೆ ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟರು. ಇವತ್ತು ಅದಕ್ಕೆ ಕಾಗದ ಸುತ್ತಿರಲಿಲ್ಲ.

ವಿನ್ನಿ ಅದನ್ನು ಜೇಬಿಗೆ ಹಾಕಲಿಲ್ಲ. ಗಟ್ಟಿಯಾಗಿ ಹಿಡಿದು ನಡೆದಳು. ರಸ್ತೆ ತಿರುಗಿದ ಮೇಲೆ ನೋಡಿದರೆ, ಮೆತ್ತಗಿನ ಬಿಸ್ಕತ್ತಿನ ಮೇಲೆ ಅವಳ ಬೆರಳುಗಳ ಮೂರು ಗುಳಿಗಳು ಬಿದ್ದಿದ್ದವು.

ಅವಳು ನಿಂತು ಅದನ್ನೇ ನೋಡಿದಳು. ತಾತನೂ ನಿಂತ. ಆಮೇಲೆ ಅರ್ಧ ಮುರಿದು ತಾತನಿಗೆ ಕೊಟ್ಟು, ಗುಳಿ ಬಿದ್ದ ಅರ್ಧವನ್ನು ತಾನು ತಿಂದಳು.