ಸತ್ತ ನಾಯಿ ಓಡಿ ಬಂದ ದಿನ

"ಯಾರದು? ಶಿಳ್ಳೆ ಹೊಡೆದಿದ್ದು ಯಾರು?"

ಧ್ವನಿವರ್ಧಕದಲ್ಲಿ ತೀರ್ಪುಗಾರರ ದನಿ ಗುಡುಗಿತು. ಕೂರಾಬಿನ್ ಮೈದಾನದ ಬೇಲಿಗೆ ಒರಗಿ ನಿಂತಿದ್ದವರೆಲ್ಲ ಒಟ್ಟಿಗೆ ಹಿಂದಿರುಗಿ ನೋಡಿದರು.

ಮೆರಿನ್ ಆಕಾಶ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಆದರೂ ನೋಡಿದಳು.

'ಅಯ್ಯೋ ದೇವರೇ... ನಾನು ಮಾಡಿದ್ದೇನು!'

ನಾಯಿಗಳು ಕುರಿಗಳನ್ನು ದೊಡ್ಡಿಗೆ ಅಟ್ಟುವ ಕುರಿನಾಯಿ ಪಂದ್ಯ ನಡೆಯುವಾಗ ಪ್ರೇಕ್ಷಕರು ಶಿಳ್ಳೆ ಹೊಡೆಯಬಾರದು. ನಮ್ಮ ಕಡೆ ನಡೆಯಲು ಕಲಿಯುತ್ತಿರುವ ಮಗುವಿಗೂ ಇದು ಗೊತ್ತು. ಪೈ ತಿನ್ನಿ, ಬಿಯರ್ ಕುಡಿಯಿರಿ, ಪಕ್ಕದವನ ನಾಯಿಯನ್ನು ಹೊಟ್ಟೆ ತುಂಬ ಆಡಿಕೊಳ್ಳಿ, ಯಾರೂ ಕೇಳುವುದಿಲ್ಲ. ಶಿಳ್ಳೆ ಮಾತ್ರ ಬೇಡ. ಮೈದಾನದೊಳಗಿರುವ ನಾಯಿಗೆ ಶಿಳ್ಳೆಯೇ ಒಡೆಯನ ಮಾತು. ಅದೂ ಹೊಡೆದವಳು ಯಾರು? ಪಂದ್ಯ ನಡೆಸುವ ಸಂಘದ ಅಧ್ಯಕ್ಷ ಕ್ಲೆಮ್‌ನ ಮಗಳು!

ಒಳಗೆ ಮೂರು ಕುರಿಗಳು ದೊಡ್ಡಿಯ ಬಾಗಿಲಲ್ಲಿ ನಿಂತಿದ್ದವು. ಅವು ಇನ್ನೆರಡು ಹೆಜ್ಜೆ ಒಳಗಿಟ್ಟಿದ್ದರೆ, ಕ್ಲೆಮ್‌ನನ್ನು ಹಿಂದಿಕ್ಕಿ ಹ್ಯಾಮಿಶ್ ಗೆದ್ದಾಗುತ್ತಿತ್ತು. ಬಾಗಿಲಿನ ಹಗ್ಗ ಹಿಡಿದು ಅವನು ಉಸಿರು ಬಿಗಿಹಿಡಿದಿದ್ದ. ಆದರೆ ಅವನ ಕಂದು ಬಣ್ಣದ ಕೆಲ್ಪಿ ನಾಯಿ ಟಾಫಿ, ಕುರಿಗಳ ಮೇಲಿಟ್ಟಿದ್ದ ಕಣ್ಣು ತೆಗೆದು ತಲೆ ಎತ್ತಿತು. ಕಿವಿ ನಿಮಿರಿಸಿತು.

ಆಮೇಲೆ ಓಡಿತು!

ಕುರಿಗಳನ್ನು ಬಿಟ್ಟು, ಒಡೆಯನನ್ನು ಬಿಟ್ಟು, ಮೈದಾನವನ್ನು ಸೀಳಿಕೊಂಡು ಬಂದು, ಮೂತಿ ನರೆತಿದ್ದ ಆ ನಾಯಿ ಬೇಲಿ ಹಾರಿ ಸೀದಾ ಮೆರಿನ್‌ಳ ಕಾಲ ಬುಡದಲ್ಲಿ ಬಿತ್ತು. ಕುಂಯ್‌ಗುಟ್ಟಿತು, ಹೊರಳಾಡಿತು, ಅವಳ ಬೂಟನ್ನು ನೆಕ್ಕಿತು.

ಆಕಾಶ ನೋಡಿ ಇನ್ನು ಪ್ರಯೋಜನವಿರಲಿಲ್ಲ.

"ಟಾಫಿ..." ಎಂದಳು ಮೆರಿನ್. "ನೀನು... ನೀನು ಬದುಕಿದ್ದೀಯಾ?"

ಅದು ಯಾರಿಗೂ ಕೇಳಿಸಲಿಲ್ಲ. ಧ್ವನಿವರ್ಧಕ ಮಾತ್ರ ಎಲ್ಲರಿಗೂ ಕೇಳಿಸಿತು. "ನಾಯಿ ಮೈದಾನ ಬಿಟ್ಟಿದೆ. ಹ್ಯಾಮಿಶ್ ಅನರ್ಹ. ಮೊದಲ ಸ್ಥಾನ... ಕ್ಲೆಮ್."

ಚಪ್ಪಾಳೆ ಬರಲಿಲ್ಲ. ಗುಸುಗುಸು ಬಂತು.

"ಅಪ್ಪನಿಗೋಸ್ಕರ ಮಗಳು ಹೊಡೆದಳು ನೋಡು ಶಿಳ್ಳೆ!"

"ಪಟ್ಟಣಕ್ಕೆ ಹೋಗಿ ಕಲಿತದ್ದು ಇದೇನಾ?"

ಮೆರಿನ್‌ಳ ಕಿವಿ ಸುಟ್ಟುಹೋದಂತಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹ್ಯಾಮಿಶ್ ಓಡಲಿಲ್ಲ. ಮೆಲ್ಲಗೆ ನಡೆದು ಬಂದ. ಉದ್ದನೆಯ ಆಳು, ಬಿಸಿಲಿಗೆ ಕಂದಿದ ಮುಖ, ಕಣ್ಣಲ್ಲಿ ತಣ್ಣನೆಯ ಸಿಟ್ಟು.

"ನಿಮ್ಮದೇನಾ ಶಿಳ್ಳೆ?"

"ಹೌದು... ತಪ್ಪಾಯ್ತು. ನಾನು..."

"ಕ್ಲೆಮ್ ಮಗಳು ತಾನೇ? ನಾಯಿ ಬೇಡ ಅಂತ ಬಿಟ್ಟು ಮೆಲ್ಬರ್ನ್‌ಗೆ ಹೋದೋರು!" ಅವನು ಟಾಫಿಯ ಕುತ್ತಿಗೆ ಪಟ್ಟಿಗೆ ಹಗ್ಗ ಸಿಕ್ಕಿಸಿದ. "ಇವಳದ್ದು ಇದು ಕೊನೇ ಪಂದ್ಯ ಆಗಿತ್ತು ಕಣ್ರೀ. ಅಷ್ಟು ದೂರದಿಂದ ಅದಕ್ಕೇ ಬಂದಿದ್ದೆ. ಏಳು ವರ್ಷ ಬೇಡವಾಗಿದ್ದೋಳು, ಅಪ್ಪ ಸೋಲೋ ಹೊತ್ತಿಗೆ ಸರಿಯಾಗಿ ಬೇಕಾದ್ಳಾ?"

'ಬೇಡ ಅಂದೆನಾ? ನಾನಾ?'

ಮೆರಿನ್ ಬಾಯಿ ತೆರೆದಳು. 'ಟಾಫಿ ಸತ್ತಿದ್ದಾಳೆ ಅಂತ ಅಪ್ಪ ಹೇಳಿದ್ದ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಂಕದ ಹಲಗೆಯ ಪಕ್ಕ ನಿಂತಿದ್ದ ಅಪ್ಪ ಕಣ್ಣಿಗೆ ಬಿದ್ದ. ಟೋಪಿ ತೆಗೆದು ಎದೆಗೊತ್ತಿಕೊಂಡು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಮೆರಿನ್ ಬಾಯಿ ಮುಚ್ಚಿದಳು. ಹ್ಯಾಮಿಶ್ ಟಾಫಿಯನ್ನು ಎಳೆದುಕೊಂಡೇ ಹೋಗಬೇಕಾಯಿತು; ಅದು ಹಿಂದಿರುಗಿ ಹಿಂದಿರುಗಿ ನೋಡುತ್ತಿತ್ತು.

ಚಹಾ ಡೇರೆಯ ಹಿಂದೆ ಅಪ್ಪ ಮಗಳು ಎದುರುಬದುರಾದರು.

"ನೀನು ನಾಳೆ ಸಂಘದ ಊಟಕ್ಕೆ ಬರ್ತೀನಿ ಅಂದಿದ್ದೆಯಲ್ಲಮ್ಮಾ..." ಎಂದ ಕ್ಲೆಮ್.

"ಒಂದಿನ ಮುಂಚೆ ಬಂದು ನಿಂಗೆ ಖುಷಿ ಕೊಡೋಣ ಅಂದ್ಕೊಂಡೆ. ಹಾವು ಕಚ್ಚಿ ಸತ್ತಳು ಅಂದೆಯಲ್ಲಪ್ಪಾ! ಹಿತ್ತಲಲ್ಲಿ ಗೋರಿ ತೋರಿಸಿದೆ! ಪ್ರತಿ ಕ್ರಿಸ್‌ಮಸ್‌ಗೂ ಅದರ ಮೇಲೆ ಮೂಳೆ ಇಟ್ಟು ಬರ್ತಿದ್ದೀನಿ ನಾನು! ಅದರಡಿ ಏನಿದೆ?"

ಕ್ಲೆಮ್ ನೆಲ ನೋಡಿದ. "ನನ್ನ ಹಳೇ ಬೂಟು."

ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ತಾಯಿ ಸತ್ತ ನಾಯಿಮರಿ ಟಾಫಿ. ಅಡುಗೆಮನೆಯ ಒಲೆಯ ಪಕ್ಕ ರಟ್ಟಿನ ಡಬ್ಬದಲ್ಲಿಟ್ಟು, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ. ಇವತ್ತು ಮೈದಾನದಲ್ಲಿ ಆ ನಡಿಗೆ ಕಂಡದ್ದೇ ತಡ, ಎರಡು ಬೆರಳು ತಾವಾಗಿಯೇ ಬಾಯಿಗೆ ಹೋಗಿದ್ದವು.

"ನೀನು ಹೋದ ಮೇಲೆ ಅದು ಅನ್ನ ಬಿಡ್ತು," ಎಂದ ಕ್ಲೆಮ್. "ನನ್ನ ಮಾತು ಕೇಳಲಿಲ್ಲ. ಊರಿಗೆಲ್ಲ ನಾಯಿ ಪಳಗಿಸೋನು ನಾನು, ಮನೇದೇ ನನ್ನ ಕೈಗೆ ಬರಲಿಲ್ಲ. ಈ ಹುಡುಗ ಕೇಳಿದ, ಕೊಟ್ಟುಬಿಟ್ಟೆ. ನಿಂಗೆ ಹೇಳೋಕೆ ನಾಚಿಕೆ ಆಯ್ತು. ಅವನಿಗೆ ಹೇಳೋಕೂ ನಾಚಿಕೆ ಆಗಿ, ಮಗಳಿಗೇ ಬೇಡವಂತೆ ಅಂದೆ... ನಾಳೆ ಒಂದಿನ ಸುಮ್ಮನಿರಮ್ಮಾ. ಸಂಘಕ್ಕೆ ನೂರು ತುಂಬೋ ದಿನ. ಜನರೆದುರು ಮುಖ ಎತ್ತೋ ಹಾಗಿರಲಿ."

ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಇಷ್ಟು ವರ್ಷ ಹಬ್ಬಕ್ಕೆ ಬಂದು, ಗೋರಿಗೆ ಮೂಳೆ ಇಟ್ಟು, ಮಾರನೇ ದಿನ ಓಡಿಹೋಗುತ್ತಿದ್ದವಳು ತಾನೇ? ಬದುಕಿರುವ ಈ ಅಪ್ಪನ ಮುಖವನ್ನು ಎಂದಾದರೂ ಸರಿಯಾಗಿ ನೋಡಿದ್ದಳೇ?

"ಆಯ್ತಪ್ಪಾ," ಎಂದಳು.

ಮಾರನೇ ದಿನ ಭಾನುವಾರ. ಸಭಾಂಗಣದ ತುಂಬ ಟೈ ಕಟ್ಟಿದ ಗಂಡಸರು, ಹೂವಿನ ಟೋಪಿಯ ಹೆಂಗಸರು. ಹುರಿದ ಕುರಿಮಾಂಸದ ಘಮಘಮ. ಫೈನಲ್ ಆಡಿದ ನಾಯಿಗಳಿಗೂ ಅವತ್ತು ಒಳಗೆ ಪ್ರವೇಶವಿತ್ತು.

ಊಟದ ಉಸ್ತುವಾರಿ ಹೊತ್ತ ಡೆಲ್ಮಾ ಚಿಕ್ಕಮ್ಮನಿಗೆ ಹಿಂದಿನ ದಿನದ ಸುದ್ದಿ ತಲುಪಿರಲಿಲ್ಲವೋ, ತಲುಪಿದ್ದಕ್ಕೇ ಹೀಗೆ ಮಾಡಿದಳೋ, ಯಾರು ಬಲ್ಲರು! ಮೆರಿನ್‌ಳ ಪಕ್ಕದ ಕುರ್ಚಿಯಲ್ಲಿ ಹ್ಯಾಮಿಶ್ ಕುಳಿತಿದ್ದ.

"ಚಿಕ್ಕಮ್ಮಾ, ನಾನು ಬೇರೆ ಕಡೆ..."

"ಕೂತ್ಕೊಳ್ಳೇ ಸುಮ್ನೆ! ಆಲೂಗಡ್ಡೆ ಆರಿಹೋಗುತ್ತೆ."

ಮೇಜಿನ ಕೆಳಗೆ ಏನೋ ಬೆಚ್ಚಗೆ ತಾಕಿತು. ಟಾಫಿ ತಲೆಯನ್ನು ಅವಳ ಪಾದದ ಮೇಲಿಟ್ಟಿತ್ತು. ಮೆರಿನ್ ಕಾಲು ಹಿಂದಕ್ಕೆಳೆದುಕೊಂಡಳು. ಟಾಫಿ ತೆವಳಿಕೊಂಡು ಬಂದು ಮತ್ತೆ ಇಟ್ಟಿತು. ಅವಳು ಮತ್ತೆ ಎಳೆದುಕೊಂಡಳು. ತಟ್ಟೆಯಲ್ಲಿದ್ದ ಬಟಾಣಿ ಕಣ್ಣೀರಿನಲ್ಲಿ ಮಸುಕಾಯಿತು.

"ತಲೆ ಸವರಿದ್ರೆ ಕೈ ಸವೆಯಲ್ಲ," ಎಂದ ಹ್ಯಾಮಿಶ್ ಅವಳತ್ತ ನೋಡದೆ.

"ನಂಗೆ ಆ ಹಕ್ಕಿಲ್ಲ."

"ನಿನ್ನೆ ಇತ್ತಾ ಹಕ್ಕು? ಒಂದು ಮಾತು ಹೇಳಿ ನೋಡೋಣ. ಯಾಕೆ ಹೊಡೆದ್ರಿ? ನಿಮ್ಮ ಮುಖ ನೋಡಿದ್ರೆ ಮೋಸ ಮಾಡೋರ ಹಾಗೆ ಕಾಣಲ್ಲ. ರಾತ್ರಿಯೆಲ್ಲ ಅದೇ ಯೋಚನೆ ನಂಗೆ."

ಅವನ ದನಿಯಲ್ಲಿ ಮೊದಲ ಸಲ ಸಿಟ್ಟಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೊಂದಿತು. ಹೇಳಿಬಿಟ್ಟರೆ ಇವನ ಕಣ್ಣಲ್ಲಿ ತಾನು ಒಳ್ಳೆಯವಳಾಗುತ್ತಾಳೆ. ಆದರೆ ಅಪ್ಪ? ಎರಡು ಕುರ್ಚಿ ಆಚೆ ಕುಳಿತು, ಮತ್ತೆ ಮತ್ತೆ ಟೈ ಸರಿಮಾಡಿಕೊಳ್ಳುತ್ತಿರುವ ಅಪ್ಪ?

'ನನ್ನ ಮಾನ ಹೇಗೂ ಹೋಗಿದೆ. ಅಪ್ಪನದೂ ಯಾಕೆ ಹೋಗಬೇಕು?'

"ಬೇಕಂತಲೇ ಹೊಡೆದೆ!" ಎಂದಳು. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಅಪ್ಪ ಗೆಲ್ಲಲಿ ಅಂತ ಹೊಡೆದೆ. ನಾನು ಮೋಸಗಾತಿನೇ. ಸಾಕಾ?"

ಚಮಚಗಳ ಸದ್ದು ನಿಂತಿತು.

ಹ್ಯಾಮಿಶ್‌ನ ಮುಖ ಕಲ್ಲಾಯಿತು. ಅದೇ ಹೊತ್ತಿಗೆ ವೇದಿಕೆಯಿಂದ ಕರೆ ಬಂತು. "ನಮ್ಮ ನೂರನೇ ವರ್ಷದ ಮೊದಲ ಬಹುಮಾನ, ನೀಲಿ ಪಟ್ಟಿ... ಕ್ಲೆಮ್‌ಗೆ!"

ಕ್ಲೆಮ್ ಎದ್ದ. ವೇದಿಕೆಗೆ ಹೋದ. ಪಟ್ಟಿ ಹಿಡಿದು ನಿಂತಿದ್ದವರ ಕೈಯನ್ನು ಪಕ್ಕಕ್ಕೆ ಸರಿಸಿ ಮೈಕು ಹಿಡಿದುಕೊಂಡ.

"ನನ್ನ ಮಗಳಿಗೆ ಸುಳ್ಳು ಹೇಳೋಕೆ ಬರಲ್ಲ," ಎಂದ. "ಈಗ ಹೇಳಿದಳಲ್ಲ, ಎಷ್ಟು ಕೆಟ್ಟದಾಗಿ ಹೇಳಿದಳು ನೋಡಿ. ಸುಳ್ಳು ಹೇಳೋಕೆ ಬರೋದು ನಂಗೆ."

"ಅಪ್ಪಾ, ಬೇಡ!" ಮೆರಿನ್ ಎದ್ದು ನಿಂತಳು.

"ಕೂತ್ಕೋ ಮಗಳೇ."

ಕ್ಲೆಮ್ ಎಲ್ಲವನ್ನೂ ಹೇಳಿದ. ಕೊಟ್ಟ ನಾಯಿ, ಕಟ್ಟಿದ ಹಾವಿನ ಕಥೆ, ಗೋರಿಯ ಕೆಳಗಿನ ಬೂಟು, ಹ್ಯಾಮಿಶ್‌ಗೆ ಹೇಳಿದ ಇನ್ನೊಂದು ಸುಳ್ಳು. ಬೂಟಿನ ಮಾತಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ.

"ಸತ್ತಿದೆ ಅಂದ್ಕೊಂಡಿದ್ದ ನಾಯಿ ಕಣ್ಣೆದುರು ಓಡಾಡ್ತಿದ್ರೆ ನೀವಾಗಿದ್ರೂ ಕರೀತಿದ್ರಿ. ನಾನಂತೂ ಕರೀತಿದ್ದೆ. ಈ ಪಟ್ಟಿ ನಂಗೆ ಬೇಡ. ಈ ವರ್ಷ ಗೆದ್ದವರ ಜಾಗದಲ್ಲಿ ಯಾರ ಹೆಸರೂ ಬರೀಬೇಡಿ."

ಮೆರಿನ್ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅಪ್ಪನ ತೋಳು ಹಿಡಿದಳು. ಆ ತೋಳು ಎಷ್ಟು ಸಣ್ಣಗಾಗಿದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಇಬ್ಬರೂ ತಲೆ ತಗ್ಗಿಸಿಕೊಂಡು ಇಳಿದು ಬಂದರು. ಡೆಲ್ಮಾ ಚಿಕ್ಕಮ್ಮ ಕ್ಲೆಮ್‌ನ ತಟ್ಟೆಗೆ ದೊಡ್ಡದೊಂದು ತುಂಡು ಪಾವ್‌ಲೋವಾ ಸಿಹಿ ಹಾಕಿದಳು.

ಪಕ್ಕದ ಕುರ್ಚಿ ಖಾಲಿಯಾಗಿತ್ತು. ಮೇಜಿನ ಕೆಳಗೂ ಯಾರೂ ಇರಲಿಲ್ಲ. ಹೊರಗೆ ಹ್ಯಾಮಿಶ್‌ನ ಪಿಕಪ್ ಇದ್ದ ಜಾಗದಲ್ಲಿ ಧೂಳು ಮಾತ್ರ ಏಳುತ್ತಿತ್ತು.

'ಹೋದ. ಟಾಫಿಯನ್ನೂ ಕರೆದುಕೊಂಡು ಹೋದ. ಇರಲಿ... ಅವಳು ಅವನ ನಾಯಿ.'

ಆದರೆ ಎದೆ ಉರಿದದ್ದು ನಾಯಿಗೋಸ್ಕರ ಮಾತ್ರವೇ? ಪರಿಚಯವಾಗಿ ಒಂದು ದಿನವಾಗಿದೆ, ಆಡಿದ್ದೆಲ್ಲ ಚುಚ್ಚುಮಾತು. ಅಂಥವನು 'ರಾತ್ರಿಯೆಲ್ಲ ಅದೇ ಯೋಚನೆ' ಅಂದದ್ದನ್ನು ಇವಳೇಕೆ ಹೀಗೆ ಮನಸ್ಸಿನಲ್ಲಿಟ್ಟುಕೊಂಡು ತಿರುಗಾಡಬೇಕು? ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಅವಳು ಮೆಲ್ಬರ್ನ್‌ಗೆ ಹೊರಡಲು ಚೀಲ ಕಟ್ಟುತ್ತಿದ್ದಾಗ ಗೇಟಿನ ಹತ್ತಿರ ಬೊಗಳಿದ ಸದ್ದು ಕೇಳಿಸಿತು.

ಪಿಕಪ್‌ನ ಹಿಂಭಾಗದಲ್ಲಿ ಟಾಫಿ ಕುಣಿಯುತ್ತಿತ್ತು. ಹ್ಯಾಮಿಶ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

"ಅರ್ಧ ದಾರಿ ಹೋಗಿ ವಾಪಸ್ ಬಂದೆ," ಎಂದ. "ನದಿ ಕಡೆ ಹೋಗೋಣವಾ? ಇವಳಿಗೆ ನೀರು ಅಂದ್ರೆ ಪ್ರಾಣ. ನಿಮಗೆ ಗೊತ್ತೇ ಇರುತ್ತಲ್ಲ..."

ಗೊತ್ತಿಲ್ಲದೆ ಏನು! ಚೀಲ ಬಾಗಿಲಲ್ಲೇ ಉಳಿಯಿತು.

ನದಿಯಲ್ಲಿ ಟಾಫಿ ಕೋಲು ಹಿಡಿದು ಈಜಿತು, ಬಾತುಗಳನ್ನು ಹೆದರಿಸಿತು, ಇಬ್ಬರ ಮೇಲೂ ಮೈ ಕೊಡವಿ ಒದ್ದೆ ಮಾಡಿತು. ಮೆರಿನ್ ಅತ್ತಳು, ನಕ್ಕಳು, ಮತ್ತೆ ಅತ್ತಳು. ಇಷ್ಟು ಹೊತ್ತಾದರೂ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಇವಳನ್ನ ನೀವೇ ಇಟ್ಕೊಳ್ಳಿ," ಎಂದ ಹ್ಯಾಮಿಶ್ ಥಟ್ಟನೆ. "ಅದಕ್ಕೇ ಬಂದೆ."

"ಏನು? ಏಳು ವರ್ಷ ಸಾಕಿದೋರು ನೀವು!"

"ಅದೇ ಹೇಳೋಕೆ ಬಂದಿದ್ದು." ಅವನ ಕುತ್ತಿಗೆ ಕೆಂಪಾಗಿತ್ತು. "ಮೊನ್ನೆ ನಂಗೆ ಸಿಟ್ಟು ಬಂದಿದ್ದು ಪಂದ್ಯ ಸೋತಿದ್ದಕ್ಕಲ್ಲ. ಏಳು ವರ್ಷ ಅನ್ನ ಹಾಕಿದ್ದೀನಿ, ಒಂದಿನವೂ ಇವಳು ನನ್ನ ಹತ್ರ ಹಾಗೆ ಓಡಿ ಬಂದಿಲ್ಲ. ಕರೆದ್ರೆ ಬರ್ತಾಳೆ, ಕೆಲಸ ಮಾಡ್ತಾಳೆ... ಆದ್ರೆ ಹಾಗಲ್ಲ. ಹೊಟ್ಟೆಕಿಚ್ಚು ಬಂತು ಮೆರಿನ್. ಒಂದು ನಾಯಿ ವಿಷಯಕ್ಕೆ! ಆ ಹೊಟ್ಟೆಕಿಚ್ಚಲ್ಲಿ ನಿಮ್ಮನ್ನ ಎಲ್ಲರೆದುರು ಅವಮಾನ ಮಾಡಿದೆ. ನೆನೆಸಿಕೊಂಡ್ರೆ ನಾಚಿಕೆಯಾಗುತ್ತೆ."

ಮೆರಿನ್ ಬಗ್ಗಿ ಟಾಫಿಯ ಒದ್ದೆ ಕಿವಿ ಸವರಿದಳು.

"ನಿನ್ನೆ ಅಪ್ಪನಿಗೋಸ್ಕರ ಮೋಸಗಾತಿ ಅನ್ನಿಸಿಕೊಳ್ಳೋಕೂ ತಯಾರಾದ್ರಲ್ಲ," ಎಂದ ಅವನು ಮತ್ತೆ, ಇನ್ನೂ ಮೆಲ್ಲಗೆ, "ಆಗ ಅನ್ನಿಸ್ತು... ನನ್ನ ಕಡೆಗೂ ಯಾರಾದ್ರೂ ಹಾಗೆ, ಹಿಂದೆಮುಂದೆ ನೋಡದೆ, ಓಡಿ ಬರಬೇಕು ಅಂತ. ಯಾರಾದ್ರೂ ಅಲ್ಲ... ನೀವು."

ಕೊನೆಗೂ ಅವಳು ಮುಖ ಎತ್ತಿ ನೋಡಿದಳು. ಎರಡು ದಿನದಿಂದ ಬಗ್ಗಿಸಿಯೇ ಇಟ್ಟುಕೊಂಡಿದ್ದ ತಲೆ.

"ನಾಯಿ ಬೇಡ," ಎಂದಳು.

ಅವನ ಮುಖ ಬಾಡಿತು. "ಸರಿ..."

"ಪೂರ್ತಿ ಕೇಳು! ಬರೀ ನಾಯಿ ಆದ್ರೆ ಬೇಡ ಅಂದೆ. ಅವಳ ಜೊತೆ ನೀನೂ ಬರ್ತಿರಬೇಕು. ಪ್ರತಿ ಭಾನುವಾರ. ನಾನೂ ಅಪ್ಪನ ಮನೆಗೆ ಬಂದಿರ್ತೀನಿ."

"ಅಷ್ಟು ದೂರದಿಂದ ನಾನು, ಪ್ರತಿ ವಾರ?"

"ಯಾಕೆ, ದೂರ ಆಗುತ್ತಾ?"

"ಇಲ್ಲ ಇಲ್ಲ!" ಅವನು ಗಾಬರಿಯಿಂದ ಹೇಳಿದ. ಆಮೇಲೆ ಅವಳು ನಗುತ್ತಿರುವುದು ಕಂಡಿತು. "ಮೆರಿನ್... ನೀನು ಓಡಿ ಬರ್ತೀಯಾ?"

ಅವರ ನಡುವೆ ನಾಲ್ಕು ಹೆಜ್ಜೆಯ ಮರಳಿತ್ತು. ಅವಳ ಬೂಟು ಒದ್ದೆಯಾಗಿತ್ತು, ಮೂಗು ಕೆಂಪಾಗಿತ್ತು, ಕೆನ್ನೆಯ ಮೇಲೆ ನಾಯಿಯ ಕೂದಲು ಅಂಟಿತ್ತು.

"ನಾಚಿಕೆಯಾಗುತ್ತೆ ಕಣೋ," ಎಂದಳು.

"ನಂಗೂ," ಎಂದ ಅವನು. "ಕಣ್ಣು ಮುಚ್ಕೊಳ್ಲಾ?"

"ಹ್ಞೂಂ... ಮುಚ್ಕೋ."

ಅವನು ಕಣ್ಣು ಮುಚ್ಚಿಕೊಂಡ. ಅವಳು ಓಡಿದಳು.