ಉಪ್ಪು ಕಡಿಮೆಯಾದ ಬಾಟಲಿ

"ಕಣ್ಣು ಮುಚ್ಚು, ಕೈ ಚಾಚು," ಎಂದ ಕ್ಯಾಲಮ್.

ನೆರಿಸ್ ಕಣ್ಣು ತೆರೆದಾಗ ಅಂಗೈಯಲ್ಲಿ ಕಪ್ಪೆಯಾಕಾರದ ಹಸಿರು ಕೇಕ್ ಬಾಯಿ ಕಳೆದು ಕೂತಿತ್ತು.

"ಸೋಮವಾರ ಮೆಲ್ಬರ್ನ್‌ನಲ್ಲಿ ನನ್ನ ಭಾಷಣ. ಮೊಟ್ಟೆ ಕೊಟ್ಟ ಕಪ್ಪೆಗೂ, ದ್ರಾವಣ ಮಾಡ್ಕೊಟ್ಟ ನಿಂಗೂ ಥ್ಯಾಂಕ್ಸ್ ಕಣೇ."

"ಕಪ್ಪೆ ಮೊದಲು, ನಾನು ಆಮೇಲಾ?"

"ಕಪ್ಪೆ ನಿನ್ನಷ್ಟು ಜಗಳ ಆಡಲ್ವಲ್ಲ!"

ಕನ್ನಡಕದ ಮೇಲಿಂದ ಅವನ ಕಣ್ಣುಗಳು ನಕ್ಕವು. ಅವನ ಬೆರಳು ಅವಳ ಬೆರಳ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು.

ಅಡಿಲೇಡಿನ ಆ ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಅವನದು ಒಂದೇ ಹಟ. ಬಾರ್ಲಿ ಬೇರಿನ ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಸಾಲಾಗಿ ನುಸುಳುವ ಕಿರುದಾರಿಗಳಿವೆ. ಅಂಥದೊಂದು ದಾರಿಯಲ್ಲಿ ನೀರೂ ಧಾರಾಳವಾಗಿ ನುಗ್ಗುತ್ತದೆಂದು ಅವನ ನಂಬಿಕೆ. ಆ ದಾರಿಯನ್ನು ಕಪ್ಪೆಮೊಟ್ಟೆಯ ಪೊರೆಯಲ್ಲಿ ಮೂಡಿಸಿ, ಉಪ್ಪು ಕಡಿಮೆಯಿರುವ ನೀರಿಗೆ ಬಿಟ್ಟು, ಎಷ್ಟು ಬೇಗ ಊದುತ್ತದೆಂದು ಅಳೆಯುತ್ತಿದ್ದ. ಹೋದ ತಿಂಗಳು ಮೊಟ್ಟೆಗಳು ಪುಗ್ಗೆಯಂತೆ ಊದಿದವು. ಖುಷಿಗೆ ಕ್ಯಾಲಮ್ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ್ದ.

ಒಂಬತ್ತು ದಿನದ ಹಿಂದೆ ನೋಟ್‌ಬುಕ್ ತಿರುವುವಾಗ ನೆರಿಸ್‌ಗೆ ತನ್ನ ಲೆಕ್ಕ ತಪ್ಪಿದ್ದು ಕಂಡಿತ್ತು. ಆ ಪ್ರಯೋಗಕ್ಕೆ ಮಾಡಿಕೊಟ್ಟ ದ್ರಾವಣದ ಬಾಟಲಿಗೆ ಅವಳು ಹಾಕಿದ್ದು ಬೇಕಾದ್ದರಲ್ಲಿ ಅರ್ಧ ಉಪ್ಪು. ಹೋಲಿಕೆಗೆಂದಿಟ್ಟ ಮಾಮೂಲಿ ಮೊಟ್ಟೆಗಳು ಮಾತ್ರ ಹಳೆಯ, ಸರಿಯಾದ ಬಾಟಲಿಯ ನೀರಿನಲ್ಲಿದ್ದವು. ಊದಿಸಿದ್ದು ಅವನ ದಾರಿಯಲ್ಲ, ಅವಳ ಕೈತಪ್ಪು.

ಇಂದು ಹೇಳೋಣ, ನಾಳೆ ಹೇಳೋಣವೆನ್ನುತ್ತಲೇ ಗುರುವಾರ ಬಂದಿತ್ತು. ಕೇಕನ್ನು ಕೆಳಗಿಟ್ಟು, ನೋಟ್‌ಬುಕ್ಕಿನ ಪುಟ ತೆರೆದು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅವನು ಪುಟವನ್ನು ಎರಡು ಸಲ ಓದಿದ. "ಯಾವಾಗ ಗೊತ್ತಾಯ್ತು?"

"ಒಂಬತ್ತು ದಿನ ಆಯ್ತು."

"ಒಂಬತ್ತು ದಿನ ನಾನು ಕುಣೀತಿದ್ದೆ, ನೀನು ನೋಡ್ತಾ ಇದ್ದೆ?"

"ಮೊಟ್ಟೆ ಊದಿದ್ಮೇಲೇನೇ ನೀನು ನನ್ನ ಕಡೆ ನೋಡಿದ್ದು ಅಂದ್ಕೊಂಡೆ. ನಿಜ ಹೇಳಿದ್ರೆ ಅದೂ ಹೋಗತ್ತೆ ಅಂತ... ಕಳ್ಳಿ ನಾನು."

ಅವನ ಮುಖ ಬಾಡಿತು. "ಹೊಸ ದ್ರಾವಣ ಮಾಡು," ಎಂದಷ್ಟೇ ಅಂದ.

ಅಂದು ಸಿದ್ಧವಿದ್ದ ಮೊಟ್ಟೆಗಳ ಮೇಲೆ ಇಬ್ಬರೂ ಸೇರಿ ಮತ್ತೆ ಪ್ರಯೋಗ ಮಾಡಿದರು. ನಾಲ್ಕು ಗಂಟೆಗೆ ಉತ್ತರ ಬಂತು: ಎರಡೂ ಬಗೆಯ ಮೊಟ್ಟೆಗಳು ಊದುವುದರಲ್ಲಿ ಏನೇನೂ ವ್ಯತ್ಯಾಸವಿಲ್ಲ. ಕ್ಯಾಲಮ್ ಭಾಷಣ ರದ್ದುಮಾಡಿ ಮೆಲ್ಬರ್ನ್‌ಗೆ ಪತ್ರ ಬರೆದ. ಕಾರಣ: ನಮ್ಮ ತಪ್ಪು.

"'ನಮ್ಮ' ಅಲ್ಲ, ನನ್ನ," ಎಂದಳು ನೆರಿಸ್.

"ಬಾಟಲಿ ಪರೀಕ್ಷೆ ಮಾಡ್ದೆ ಬಳಸಿದ್ದು ಯಾರು?"

ಟ್ರಾಮ್ ನಿಲ್ದಾಣದವರೆಗೂ ಅವಳು ಒಂದು ಹೆಜ್ಜೆ ಹಿಂದೆಯೇ ನಡೆದಳು.

"ನಂಗಿನ್ನೂ ಕೋಪ ಇದೆ," ಅಂದ ಅವನು.

"ಗೊತ್ತು."

"ಭಾನುವಾರದವರೆಗೂ ಇರತ್ತೆ. ಅವತ್ತು ಗ್ಲೆನೆಲ್ಗ್ ಬೀಚಿಗೆ ಬಾ. ಮೊಟ್ಟೆ ಊದೋಕ್ಕೆ ಒಂದು ವರ್ಷ ಮುಂಚಿಂದಾನೂ ನಾನ್ಯಾಕೆ ದಿನಾ ನಿನ್ನ ಮೇಜಿನ ಸುತ್ತ ಸುತ್ತುತ್ತಿದ್ದೆ ಅಂತ ಹೇಳ್ತೀನಿ, ಪೆದ್ದಿ."

ಟ್ರಾಮ್ ಬಂತು. ಅವನು ಹತ್ತಿದ. ಅವಳು ಹತ್ತಲಿಲ್ಲ, ಅಷ್ಟು ಬೇಗ ಕ್ಷಮೆ ಪಡೆಯಲು ಅವಳಿಗೆ ನಾಚಿಕೆಯಾಗಿತ್ತು. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.