ಮೊದಲ ಐದು ಸೆಕೆಂಡು

“ಮೇಡಂ, ಕ್ಯಾಸೆಟ್ ಕವರ್ ತಂದಿದೀನಿ. ಎಲ್ಲಿ ಇಡ್ಲಿ?”

ಆ ದನಿ ಕೇಳಿದ್ದೇ ತಡ, ಅವಳು ಓಡುತ್ತಿದ್ದ ಟೇಪನ್ನು ಟಕ್ಕನೆ ನಿಲ್ಲಿಸಿದಳು!

ತಲೆಯೆತ್ತಿದಳು. ಕಿವಿಯ ಮೇಲೆ ನರೆ, ಮೂಗಿನ ಮೇಲೆ ಕನ್ನಡಕ, ಬೆರಳಿನಲ್ಲಿ ಮಾತ್ರ ಅದೇ ಹಳೆಯ ಮಸಿ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಾತೂ ಹೇಳದೆ ಊರು ಬಿಟ್ಟ ಮಹಾನುಭಾವ ಎದುರಿಗೇ ನಿಂತಿದ್ದ!

ಅವನೂ ಗುರುತು ಹಿಡಿದ. ಕೈಯಲ್ಲಿದ್ದ ಡಬ್ಬ ಜಾರಿ, ಕವರುಗಳೆಲ್ಲ ನೆಲದ ತುಂಬಾ ಹರಡಿದವು.

ಕಾಲ ಹೇಗೆ ಆಟ ಆಡಿಸುತ್ತದೆ ನೋಡಿ! ಕಥೆ ಮುಗಿಯಿತೆಂದು ಎಲ್ಲರೂ ಅಟ್ಟಕ್ಕೆಸೆದಿದ್ದ ಕ್ಯಾಸೆಟ್ಟು ಈಗ ಮತ್ತೆ ಫ್ಯಾಷನ್. ಫೋನಿನ ಹಾಡು ಬೇಸರ ಬಂತಂತೆ ಕಾಲೇಜಿನ ಮಕ್ಕಳಿಗೆ! ಅವಳ ಸ್ಟುಡಿಯೋದಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿ ತುಂಬಿ ಕೈಗೆ ಬಿಡುವಿಲ್ಲ, ಅವನ ಪ್ರೆಸ್ಸಿನಲ್ಲಿ ಕವರ್ ಅಚ್ಚು ಹಾಕಿ ಮುಗಿಯುತ್ತಿಲ್ಲ.

ಆಗ ಇಬ್ಬರೂ ಒಂದೇ ಪ್ರೆಸ್ಸಿನಲ್ಲಿದ್ದರು. ಅವನು ಅಚ್ಚಿನ ಮಿಷನ್ ಮುಂದೆ, ಅವಳು ಪ್ರೂಫ್ ನೋಡುವ ಮೇಜಿನಲ್ಲಿ. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲದ ಈ ಪುಣ್ಯಾತ್ಮ, “ನನ್ನನ್ನ ಮದುವೆ ಆಗ್ತೀರಾ?” ಎಂದು ಕ್ಯಾಸೆಟ್ಟಿನಲ್ಲಿ ಕೇಳಿದ್ದ. ಅವಳೂ ಅದರ ಇನ್ನೊಂದು ಬದಿಯಲ್ಲಿ ಉತ್ತರ ತುಂಬಿ ಕೊಟ್ಟಿದ್ದಳು. ಮಾರನೆಯ ದಿನ ಅವನ ಮಿಷನ್ ಮುಂದೆ ಬೇರೆ ಯಾರೋ ಇದ್ದರು.

‘ಒಪ್ಪಿದ್ದಕ್ಕೆ ಓಡಿಹೋದನಾ?’ ಈ ಪ್ರಶ್ನೆ ಇಷ್ಟು ವರ್ಷ ಅವಳನ್ನು ಕೊರೆದಿತ್ತು.

ಕೂತ್ಕೊಳ್ಳಿ ಅನ್ನಬೇಕೆಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

“ನನ್ನ ಜೊತೆ ಆಟ ಆಡಿದ್ರಾ?”

“ಆಟಾನಾ? ಆಗಲ್ಲ ಅಂದಿದ್ದು ನೀವು!”

“ನಾನಾ?!”

“ಒಂದೊಂದು ಅಕ್ಷರಾನೂ ಬಾಯಿಪಾಠ ಇದೆ. ‘ಮದುವೆ ಆಗೋಕೆ ನನ್ನಿಂದ ಆಗಲ್ಲ. ಇನ್ನೇನೂ ಕೇಳಬೇಡಿ, ನಾಚಿಕೆ ಆಗುತ್ತೆ.’ ಅಷ್ಟೇ ಇತ್ತು.”

“ಅದಕ್ಕಿಂತ ಮುಂಚೆ...?”

“ಏನೂ ಇರಲಿಲ್ಲ.”

ಅವಳಿಗೆ ತಟ್ಟನೆ ಹೊಳೆಯಿತು. ಟೇಪಿನ ಶುರುವಿನಲ್ಲಿ ಒಂದು ಗೇಣುದ್ದ ಬರೀ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದಕ್ಕೆ ದನಿ ಹಿಡಿಯುವುದಿಲ್ಲ. ಅದು ದಾಟುವವರೆಗೆ ಐದು ಸೆಕೆಂಡು ಕಾದು, ಆಮೇಲೆ ಹಾಡು ತುಂಬಬೇಕು. ಈಗ ಅದೇ ಅವಳ ದಿನನಿತ್ಯದ ಕೆಲಸ. ಆದರೆ ಅಂದು ಅವಳಿಗೇನು ಗೊತ್ತು? ಬಟನ್ ಒತ್ತಿದವಳೇ, ನಡುಗುತ್ತಾ, ತಡವರಿಸುತ್ತಾ ಮಾತು ಶುರು ಮಾಡಿದ್ದಳು.

“ನಾನು ಹೇಳಿದ್ದು... ‘ನಿಮ್ಮನ್ನ ಬಿಟ್ಟು... ಬೇರೆ ಯಾರನ್ನೂ... ಮದುವೆ ಆಗೋಕೆ ನನ್ನಿಂದ ಆಗಲ್ಲ’ ಅಂತ ಕಣ್ರೀ!”

ಅವನು ಕವರುಗಳ ನಡುವೆಯೇ ನೆಲದ ಮೇಲೆ ಕುಸಿದು ಕೂತ.

“ಒಂದ್ಸಲ ಬಂದು ಕೇಳಬಾರದಿತ್ತಾ?” ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದು ಕೂತಳು.

“ಕೇಳಬೇಡಿ ಅಂದಿದ್ರಲ್ಲಾ...”

“ಅಂದ್ರೆ? ಹೆಂಗಸು ಕೇಳಬೇಡಿ ಅಂದ ತಕ್ಷಣ ಊರೇ ಬಿಟ್ಟುಬಿಡೋದಾ?” ಎಂದವಳು ಕಣ್ಣೊರೆಸಿಕೊಂಡಳು. “ನಾನೇನೂ ಕಮ್ಮಿ ಇಲ್ಲ. ನಿಮ್ಮ ಅಕ್ಕನ ಮನೆ ಎರಡು ಬೀದಿ ಆಚೆಗಿತ್ತು. ಹೋಗಿ ವಿಚಾರಿಸಬಹುದಿತ್ತು. ನನಗೇನು ಗತಿಗೇಡು ಅನ್ನೋ ಜಂಬ! ಅಮ್ಮ ಕಣ್ಣು ಮುಚ್ಚೋವರೆಗೂ ನನ್ನ ಮದುವೆ, ಮದುವೆ ಅಂತಾನೇ ಇದ್ರು...”

ಇಬ್ಬರೂ ಅತ್ತರು. ಕಳೆದ ವಯಸ್ಸು ಅತ್ತರೆ ವಾಪಸು ಬರುತ್ತದೆಯೇ? ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಅಳು.

“ಮನೇಲಿ ಯಾರಿದ್ದಾರೆ?” ಕೊನೆಗೆ ಅವಳೇ ಕೇಳಿದಳು.

“ಯಾರೂ ಇಲ್ಲ. ನಿಮ್ಮನೇಲಿ?”

“ಯಾರಿರ್ತಾರೆ! ಹೇಳಿದ್ನಲ್ಲಾ, ಬೇರೆಯವರನ್ನ ಆಗೋಕೆ ಆಗಲ್ಲ ಅಂತ.”

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಈಗ ಕೇಳಿದ್ರೆ... ತಡ ಆಯ್ತಾ?”

“ಆಗಿನ ಹುಡುಗಿ ಅಲ್ಲ ನಾನು. ಮಂಡಿ ನೋವಿದೆ. ಸಿಟ್ಟು ಜಾಸ್ತಿ.”

“ಅದು ಗೊತ್ತಾಯ್ತು. ಬಂದಾಗಿನಿಂದ ಬೈತಾನೇ ಇದ್ದೀರಿ.”

“ಇನ್ನೂ ಮುಗಿದಿಲ್ಲ. ಹತ್ತೊಂಬತ್ತು ವರ್ಷದ್ದು ಬೈಯೋದಿದೆ.”

“ಬೈಯಿರಿ,” ಎಂದು ಅವನು ಅವಳ ಕೈ ಹಿಡಿದ. “ಈ ಸಲ ಪೂರ್ತಿ ಕೇಳದೆ ಎದ್ದು ಹೋಗಲ್ಲ.”